ಗ್ವಾಟೆಮಾಲಾದ ಶಿಶುವಿಹಾರದಲ್ಲಿ ಸ್ವಯಂಸೇವೆ, ಜೊತೆಗೆ ಸ್ಪ್ಯಾನಿಷ್ ಕಲಿಕೆ: ಹೆಜ್ಜೆ ಹೆಜ್ಜೆಯಾಗಿ

ಸ್ಪ್ಯಾನಿಷ್ ಕಲಿಯೋಕೆ ಮಧ್ಯ ಅಮೆರಿಕದ ಗ್ವಾಟೆಮಾಲಾ ಬಹಳ ಒಳ್ಳೆಯ ಜಾಗ. ಅಲ್ಲಿನ ಭಾಷಾ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್. ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ ಎದುರುಬದುರು ಕೂತು ಮಾತಾಡಿಸುತ್ತಾರೆ. ಊಟ, ವಸತಿ ಒಂದು ಸ್ಥಳೀಯ ಕುಟುಂಬದ ಮನೆಯಲ್ಲಿ. ಜನ ಮಾತಾಡುವ ಸ್ಪ್ಯಾನಿಷ್ ಕೂಡ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿಯೇ ಪ್ರಪಂಚದ ಎಲ್ಲ ಕಡೆಯಿಂದ ಕಲಿಯುವವರು ಅಲ್ಲಿಗೆ ಬರುತ್ತಾರೆ. ಪಾಠದ ಜೊತೆಗೆ ಬೆಳಗ್ಗೆ ಹೊತ್ತು ಶಿಶುವಿಹಾರದಲ್ಲಿ ಸ್ವಯಂಸೇವೆ ಮಾಡುವ ಅವಕಾಶವನ್ನೂ ಹಲವು ಶಾಲೆಗಳು ಮಾಡಿಕೊಡುತ್ತವೆ.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಶಿಶುವಿಹಾರ ನಿಮ್ಮ ಸ್ಪ್ಯಾನಿಷ್ ಅಭ್ಯಾಸಕ್ಕೆ ಅಂತ ಇರುವ ಜಾಗ ಅಲ್ಲ. ಅದು ನಾಲ್ಕರಿಂದ ಆರು ವರ್ಷದ ಮಕ್ಕಳ ಜಾಗ. ನೀವು ಅಲ್ಲಿಗೆ ಟೀಚರ್ ಆಗಿ ಹೋಗುತ್ತಿಲ್ಲ, ಟೀಚರ್‌ಗೆ ಕೈ ಜೋಡಿಸಲು ಹೋಗುತ್ತೀರಿ. ಇದನ್ನು ಮನಸ್ಸಲ್ಲಿಟ್ಟುಕೊಂಡು ಹೋದರೆ ಕೆಲಸವೂ ಚೆನ್ನಾಗಿ ಆಗುತ್ತದೆ, ಭಾಷೆಯೂ ತಾನಾಗಿ ಬರುತ್ತದೆ. ಬರೀ ಭಾಷೆಗಾಗಿ ಹೋದರೆ ಎರಡೂ ಅರ್ಧಂಬರ್ಧ. ಮುಂದಿನ ಹೆಜ್ಜೆಗಳನ್ನೆಲ್ಲ ನಾನು ಹೇಳುವುದು ಈ ಲೆಕ್ಕದಲ್ಲೇ.

ಹೆಜ್ಜೆ 1: ಮೊದಲು ಕ್ಯಾಲೆಂಡರ್ ನೋಡಿ

ಟಿಕೆಟ್ ಬುಕ್ ಮಾಡುವ ಮುಂಚೆ ಇದನ್ನು ತಿಳಿದುಕೊಳ್ಳಲೇಬೇಕು. ಗ್ವಾಟೆಮಾಲಾದ ಶಾಲಾ ವರ್ಷ ಜನವರಿ–ಫೆಬ್ರವರಿಯಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ನವೆಂಬರ್, ಡಿಸೆಂಬರ್ ದೊಡ್ಡ ರಜೆ. ವರ್ಷದ ಕೊನೆಯಲ್ಲಿ ನಿಮಗೆ ರಜೆ ಸಿಗುತ್ತದೆ ಅಂತ ಆಗ ಹೊರಟರೆ ಭಾಷಾ ಶಾಲೆ ತೆರೆದಿರುತ್ತದೆ, ಶಿಶುವಿಹಾರಕ್ಕೆ ಮಾತ್ರ ಬೀಗ. ಆ ತಿಂಗಳುಗಳಲ್ಲಿ ಸಿಗುವುದು ಡೇ ಕೇರ್ ಅಥವಾ ರಜಾ ಶಿಬಿರದ ಕೆಲಸ. ಅದೂ ಒಳ್ಳೆಯದೇ, ಆದರೆ ಬೇರೆ ಥರದ ಕೆಲಸ.

ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ಪವಿತ್ರ ವಾರದಲ್ಲೂ ಶಾಲೆಗಳಿಗೆ ರಜೆ. ಆಂಟಿಗ್ವಾ ಊರಿನಲ್ಲಿ ಆಗ ಬೀದಿ ತುಂಬ ಬಣ್ಣದ ಮರದ ಹೊಟ್ಟಿನ ಹಾಸು ಬಿಡಿಸುತ್ತಾರೆ, ಮೆರವಣಿಗೆ ಹೊರಡುತ್ತದೆ. ನೋಡಲು ಚೆಂದ. ಆದರೆ ರೂಮುಗಳ ಬೆಲೆ ಏರಿರುತ್ತದೆ, ಮಕ್ಕಳ ಕೆಲಸ ಇರುವುದಿಲ್ಲ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಹೆದರಬೇಡಿ, ಬೆಳಗ್ಗೆ ಹೆಚ್ಚಾಗಿ ಬಿಸಿಲಿರುತ್ತದೆ, ಮಳೆ ಸುರಿಯುವುದು ಮಧ್ಯಾಹ್ನದ ಮೇಲೆ. ನಾನಾದರೆ ಜುಲೈನಲ್ಲಿ ಹೋಗಿ ಸೆಪ್ಟೆಂಬರ್‌ವರೆಗೆ ಇರಿ ಅನ್ನುತ್ತೇನೆ. ಸೆಪ್ಟೆಂಬರ್ 15 ಅಲ್ಲಿನ ಸ್ವಾತಂತ್ರ್ಯ ದಿನ. 1821ರಲ್ಲಿ ಸ್ಪೇನ್‌ನಿಂದ ಬಿಡುಗಡೆಯಾದ ದಿನ ಅದು. ಅದಕ್ಕೂ ವಾರಗಟ್ಟಲೆ ಮುಂಚಿನಿಂದ ಪುಟಾಣಿಗಳು ಡ್ರಮ್ ಬಾರಿಸುತ್ತಾ ಮೆರವಣಿಗೆಗೆ ತಯಾರಾಗುತ್ತಾರೆ. ನೀಲಿ-ಬಿಳಿ ಕಾಗದ ಕತ್ತರಿಸುವುದು, ಅಂಟಿಸುವುದು, ಸಾಲಾಗಿ ನಿಲ್ಲಿಸುವುದು, ಹೀಗೆ ಹೊರಗಿನಿಂದ ಬಂದ ಸಹಾಯಕರಿಗೆ ಕೈತುಂಬ ಕೆಲಸ ಸಿಗುವ ಕಾಲ ಅದು. ಸ್ವಲ್ಪ ದಿನದಲ್ಲೇ ಅಕ್ಟೋಬರ್ 1, ಅಲ್ಲಿನ ಮಕ್ಕಳ ದಿನ. ಅಲ್ಲಿವರೆಗೆ ಇರಲು ಆದರೆ ಇನ್ನೂ ಒಳ್ಳೆಯದು.

ಹೆಜ್ಜೆ 2: ಊರು ಆರಿಸಿಕೊಳ್ಳಿ

ಭಾಷಾ ಶಾಲೆಗಳು ಜಾಸ್ತಿ ಇರುವುದು ಎರಡು ಊರುಗಳಲ್ಲಿ.

ಆಂಟಿಗ್ವಾ ಹಳೆಯ ರಾಜಧಾನಿ. 1979ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಹವೆ ಹಿತವಾಗಿರುತ್ತದೆ. ವಿಮಾನ ನಿಲ್ದಾಣ ಇರುವ ಗ್ವಾಟೆಮಾಲಾ ಸಿಟಿಗೆ ಹತ್ತಿರ. ಮೊದಲ ಸಲ ದೂರದ ದೇಶಕ್ಕೆ ಹೋಗುವವರಿಗೆ ಸಲೀಸು. ಆದರೆ ಅಲ್ಲಿ ವಿದೇಶಿಯರು ತುಂಬಾ ಜನ. ಕಾಫಿ ಅಂಗಡಿಗೆ ಹೋದರೂ ಇಂಗ್ಲಿಷಲ್ಲೇ ಉತ್ತರ ಬರುತ್ತದೆ. ಬಾಯಿ ಬಿಟ್ಟು ಸ್ಪ್ಯಾನಿಷ್ ಆಡಬೇಕು ಅಂದರೆ ನೀವೇ ಹಟ ಹಿಡಿಯಬೇಕು.

ಇನ್ನೊಂದು ಕೆಟ್ಸಾಲ್ಟೆನಾಂಗೊ. ಅಲ್ಲಿನವರು ಅದನ್ನು ಕರೆಯುವುದು ಶೇಲಾ ಅಂತ. 2,300 ಮೀಟರ್‌ಗೂ ಎತ್ತರದ ಊರು, ಬೆಳಗ್ಗೆ ಚಳಿ ಜೋರು. ಸ್ವೆಟರ್ ಇಲ್ಲದೆ ಆಗುವುದಿಲ್ಲ. ಪ್ರವಾಸಿಗರು ಕಡಿಮೆ, ಖರ್ಚೂ ಕಡಿಮೆ. ಸ್ಪ್ಯಾನಿಷ್ ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ. ಭಾಷೆಯನ್ನು ಗಂಭೀರವಾಗಿ ಕಲಿಯಬೇಕು ಅನ್ನುವವರಿಗೆ ನನ್ನ ಮತ ಶೇಲಾಕ್ಕೇ. ಅಟಿಟ್ಲಾನ್ ಸರೋವರದ ದಂಡೆಯ ಹಳ್ಳಿಗಳಲ್ಲೂ ಶಾಲೆಗಳಿವೆ.

ಊರು ಆರಿಸುವಾಗ ಇನ್ನೊಂದು ವಿಷಯ ಗೊತ್ತಿರಲಿ. ಗ್ವಾಟೆಮಾಲಾದಲ್ಲಿ ಮೂಲನಿವಾಸಿ ಮಾಯಾ ಜನರ 22 ಭಾಷೆಗಳಿವೆ. ಶೇಲಾದ ಸುತ್ತಮುತ್ತ ಕಿಚೆ ಮತ್ತು ಮಾಮ್, ಆಂಟಿಗ್ವಾದ ಸುತ್ತಮುತ್ತ ಕಕ್ಚಿಕೆಲ್. ಪೇಟೆಯಿಂದ ಸ್ವಲ್ಪ ದೂರದ ಶಿಶುವಿಹಾರಕ್ಕೆ ಹೋದರೆ, ಮನೆಯಲ್ಲಿ ಮಾಯಾ ಭಾಷೆ ಆಡುವ ಮಗುವೂ ನಿಮ್ಮ ಹಾಗೆಯೇ ಈಗಷ್ಟೇ ಸ್ಪ್ಯಾನಿಷ್ ಕಲಿಯುತ್ತಿರಬಹುದು. ಅಂಥ ಮಗು ಸುಮ್ನೆ ಕೂತಿದ್ದರೆ ಅದನ್ನು ದಡ್ಡತನ ಅಂತಲೋ ಹಟ ಅಂತಲೋ ತಿಳಿಯಬೇಡಿ. ಆ ಭಾಷೆಯಲ್ಲಿ ನಮಸ್ಕಾರ ಹೇಳುವುದು ಹೇಗೆ ಅಂತ ಟೀಚರ್ ಹತ್ತಿರ ಮೊದಲ ದಿನವೇ ಕೇಳಿ ಕಲಿಯಿರಿ. ಎರಡು ಮಾತು ಬಂದರೂ ಸಾಕು, ಮಗುವಿನ ಮುಖ ಅರಳುತ್ತದೆ.

ಹೆಜ್ಜೆ 3: ಸಂಸ್ಥೆಯನ್ನು ಪ್ರಶ್ನೆ ಕೇಳಿ ಆರಿಸಿ

ದಾರಿ ಎರಡಿವೆ. ಒಂದು, ಭಾಷಾ ಶಾಲೆಯ ಮೂಲಕವೇ ಶಿಶುವಿಹಾರ ಸೇರುವುದು. ಇನ್ನೊಂದು, ದೊಡ್ಡ ಅಂತರರಾಷ್ಟ್ರೀಯ ಏಜೆನ್ಸಿಗೆ ದುಡ್ಡು ಕಟ್ಟಿ ಎಲ್ಲವನ್ನೂ ಒಟ್ಟಿಗೆ ಮಾಡಿಸಿಕೊಳ್ಳುವುದು. ಏಜೆನ್ಸಿಯಲ್ಲಿ ಅನುಕೂಲ ಜಾಸ್ತಿ, ಆದರೆ ನೀವು ಕೊಡುವ ಹಣದಲ್ಲಿ ಆ ಊರಿಗೆ ತಲುಪುವ ಪಾಲು ಎಷ್ಟು ಅಂತ ತಿಳಿಯುವುದು ಕಷ್ಟ. ಭಾಷಾ ಶಾಲೆಯ ದಾರಿ ನನಗೆ ಇಷ್ಟ. ಶಿಶುವಿಹಾರದ ಟೀಚರ್‌ಗಳ ಪರಿಚಯ ಅವರಿಗೆ ನೇರವಾಗಿ ಇರುತ್ತದೆ. ಏನಾದರೂ ತೊಂದರೆಯಾದರೆ ಮಧ್ಯಾಹ್ನ ಪಾಠಕ್ಕೆ ಹೋದಾಗಲೇ ಹೇಳಬಹುದು.

ಬರೆದು ಕೇಳಬೇಕಾದ ಪ್ರಶ್ನೆಗಳು ಇವು:

- ತರಗತಿಯಲ್ಲಿ ಕಾಯಂ ಟೀಚರ್ ಇರುತ್ತಾರಾ? ನಾನು ಮಕ್ಕಳ ಜೊತೆ ಒಬ್ಬನೇ ಅಥವಾ ಒಬ್ಬಳೇ ಇರಬೇಕಾದ ಸಮಯ ಇದೆಯಾ?
- ಎಷ್ಟು ವಾರ ಇರಬೇಕು, ಸ್ಪ್ಯಾನಿಷ್ ಎಷ್ಟು ಗೊತ್ತಿರಬೇಕು?
- ಪೊಲೀಸ್ ಪ್ರಮಾಣಪತ್ರ ಕೇಳುತ್ತೀರಾ?
- ನಾನು ಕೊಡುವ ಶುಲ್ಕ ಯಾವುದಕ್ಕೆ ಹೋಗುತ್ತದೆ?
- ಈಗ ಎಷ್ಟು ಸ್ವಯಂಸೇವಕರಿದ್ದಾರೆ?

ಮೊದಲ ಪ್ರಶ್ನೆಗೆ "ನೀವೇ ತರಗತಿ ನೋಡಿಕೊಳ್ಳಬಹುದು" ಅಂತ ಉತ್ತರ ಬಂದರೆ ಆ ಜಾಗ ಬಿಡಿ. ತರಬೇತಿಯಿಲ್ಲದ, ಭಾಷೆ ಬಾರದ ಹೊಸಬರ ಕೈಗೆ ಒಂದು ತರಗತಿ ಮಕ್ಕಳನ್ನು ಒಪ್ಪಿಸುವ ಕಡೆ ಮಕ್ಕಳ ಬಗ್ಗೆ ಕಾಳಜಿ ಕಡಿಮೆ. ಪೊಲೀಸ್ ಪ್ರಮಾಣಪತ್ರ ಕೇಳದ ಸಂಸ್ಥೆಯೂ ಅಷ್ಟೆ. ನಿಮಗೆ ಕೇಳಲಿಲ್ಲ ಅಂದರೆ ಬೇರೆ ಯಾರಿಗೂ ಕೇಳಿಲ್ಲ ಅಂತ ಅರ್ಥ ಅಲ್ವಾ?

ಅನಾಥಾಲಯದಲ್ಲಿ ಕೆಲಸ ಕೊಡುತ್ತೇವೆ ಅಂದರೆ ಬೇಡ ಅನ್ನಿ. ನಾಲ್ಕು ವಾರಕ್ಕೊಮ್ಮೆ ಒಬ್ಬರು ಬಂದು ಮುದ್ದು ಮಾಡಿ ಹೊರಟುಹೋಗುವುದು ಅಲ್ಲಿನ ಮಕ್ಕಳಿಗೆ ಮತ್ತೆ ಮತ್ತೆ ಆಗುವ ಗಾಯ. ವಿದೇಶಿ ಸ್ವಯಂಸೇವಕರ ದುಡ್ಡಿಗಾಗಿ ಅಪ್ಪ ಅಮ್ಮ ಇರುವ ಮಕ್ಕಳನ್ನೂ ಅನಾಥಾಲಯದಲ್ಲಿ ಇಟ್ಟುಕೊಂಡ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಇದರಿಂದ ಮಕ್ಕಳಿಗೆ ಆಗುವ ಹಾನಿಯನ್ನು ತಡೆಯಬೇಕು ಅಂತ 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೇ ಹೇಳಿದೆ. ಶಿಶುವಿಹಾರದ ವಿಷಯ ಬೇರೆ. ಮಕ್ಕಳು ಮಧ್ಯಾಹ್ನ ಮನೆಗೆ ಹೋಗುತ್ತಾರೆ, ಅವರ ಜನ ಅವರಿಗಿದ್ದಾರೆ. ನೀವು ಹೊರಟಾಗ ಬೇಜಾರಾದರೂ ಅವರ ಬದುಕು ಅಲುಗುವುದಿಲ್ಲ.

ಹೆಜ್ಜೆ 4: ಕಾಗದಪತ್ರ, ಲಸಿಕೆ, ದುಡ್ಡು

ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ಸೇರಿ ಒಂದು ಒಪ್ಪಂದ ಮಾಡಿಕೊಂಡಿವೆ. ಪ್ರವಾಸಿಗರಾಗಿ ಸಿಗುವ 90 ದಿನ ಸಾಮಾನ್ಯವಾಗಿ ಈ ನಾಲ್ಕೂ ದೇಶಗಳಿಗೆ ಸೇರಿಸಿ ಎಣಿಕೆಯಾಗುತ್ತದೆ. ವೀಸಾ ನಿಯಮ ಪಾಸ್‌ಪೋರ್ಟ್ ಮೇಲೆ ಬದಲಾಗುವುದರಿಂದ ರಾಯಭಾರ ಕಚೇರಿಯಲ್ಲೇ ವಿಚಾರಿಸಿ. "ಸ್ಪ್ಯಾನಿಷ್ ಕಲಿಯಲು ಬರುತ್ತಿದ್ದೇನೆ, ಸಂಬಳವಿಲ್ಲದ ಸ್ವಯಂಸೇವೆ ಮಾಡುತ್ತೇನೆ" ಅಂತ ಸ್ಪಷ್ಟವಾಗಿ ಬರೆದು ಕೇಳಿ. ವಿಮಾನ ಅಮೆರಿಕದ ಮೂಲಕ ಹೋಗುವುದಾದರೆ, ಅಲ್ಲಿ ಬರೀ ವಿಮಾನ ಬದಲಿಸಲೂ ಭಾರತದ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಬೇಕು. ಇದನ್ನು ನೋಡದೆ ಅಗ್ಗದ ಟಿಕೆಟ್ ತೆಗೆಯಬೇಡಿ.

ಪೊಲೀಸ್ ಪ್ರಮಾಣಪತ್ರ ಕೈಗೆ ಬರಲು ದಿನ ಹಿಡಿಯುತ್ತದೆ, ಬೇಗ ಅರ್ಜಿ ಹಾಕಿ. ಸ್ಪ್ಯಾನಿಷ್ ಅನುವಾದ ಬೇಕಾ ಅಂತ ಶಾಲೆಯನ್ನು ಕೇಳಿ. ಲಸಿಕೆಗಳಲ್ಲಿ ಹೆಪಟೈಟಿಸ್ ಎ, ಟೈಫಾಯ್ಡ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಮಕ್ಕಳ ನಡುವೆ ಇರುವುದರಿಂದ ದಡಾರದ ಲಸಿಕೆ ಆಗಿದೆಯಾ ಅಂತಲೂ ನೋಡಿಕೊಳ್ಳಿ. ನಲ್ಲಿ ನೀರು ಕುಡಿಯುವಂತಿಲ್ಲ.

ಅಲ್ಲಿನ ಹಣ ಕೆಟ್ಸಾಲ್. ಒಂದು ಅಮೆರಿಕನ್ ಡಾಲರ್‌ಗೆ ಏಳೂವರೆ–ಎಂಟರ ಒಳಗೇ ಹಲವು ವರ್ಷಗಳಿಂದ ನಿಂತಿದೆ, ಲೆಕ್ಕ ಹಾಕುವುದು ಸುಲಭ. ಚಿಲ್ಲರೆ ನೋಟು ಇಟ್ಟುಕೊಂಡಿರಿ. ಊರಿಂದ ಊರಿಗೆ ಹಗಲಲ್ಲೇ ಪ್ರಯಾಣ ಮಾಡಿ. ಶೇಲಾಕ್ಕೆ ರಾಜಧಾನಿಯಿಂದ 200 ಕಿಲೋಮೀಟರ್ ದಾರಿ, ಗುಡ್ಡದ ರಸ್ತೆ, ಅರ್ಧ ದಿನ ಹಿಡಿಯುತ್ತದೆ ಅಂತಲೇ ಅಂದುಕೊಳ್ಳಿ. ವಿಮಾನ ಸಂಜೆ ಇಳಿದರೆ ಆ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡಿ.

ಹೆಜ್ಜೆ 5: ಹೊರಡುವ ಮುಂಚೆಯೇ ಕಿವಿ, ನಾಲಗೆ ಪಳಗಿಸಿ

ಕನ್ನಡ ಮಾತಾಡುವವರಿಗೆ ಸ್ಪ್ಯಾನಿಷ್ ಉಚ್ಚಾರ ಕಷ್ಟವಲ್ಲ. ಬರೆದ ಹಾಗೇ ಓದುವ ಭಾಷೆ. ತ, ದ ಎರಡೂ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಅಭ್ಯಾಸದಿಂದ ಟ, ಡ ಅಂದುಬಿಡಬೇಡಿ. ಎಚ್ ಅಕ್ಷರಕ್ಕೆ ಉಚ್ಚಾರವೇ ಇಲ್ಲ. ಜೆ ಅಕ್ಷರ ಹ ಥರ. ಎರಡು ಆರ್ ಒಟ್ಟಿಗೆ ಬಂದರೆ ನಾಲಗೆ ನಡುಗಿಸಿ ರ್ರ್ ಅನ್ನಬೇಕು. ಜೋಪಾನವಾಗಿ ಕಲಿಯಬೇಕಾದದ್ದು ಒತ್ತು. ಪಾಪಾ ಅನ್ನುವಾಗ ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟರೆ ಅಪ್ಪ, ಮೊದಲಿನದಕ್ಕೆ ಕೊಟ್ಟರೆ ಆಲೂಗಡ್ಡೆ. ನಾಲ್ಕು ವರ್ಷದ ಮಗು ಇದನ್ನು ಕೇಳಿ ನಕ್ಕೇ ನಗುತ್ತದೆ.

ಪಠ್ಯಪುಸ್ತಕಗಳು ಹೋಟೆಲ್, ವಿಮಾನ ನಿಲ್ದಾಣದ ಮಾತುಗಳಿಂದ ಶುರುವಾಗುತ್ತವೆ. ನಿಮಗೆ ಬೇಕಾದದ್ದು ಬೇರೆ. ಶಿಶುವಿಹಾರದ ಸ್ಪ್ಯಾನಿಷ್ ಮೂರು ಗುಂಪಿನದು.

ಮೊದಲನೆಯದು, ಎಲ್ಲರಿಗೂ ಸೇರಿಸಿ ಹೇಳುವ ಸೂಚನೆಗಳು. ಸಿಯೆಂತೆನ್ಸೆ, ಕೂತ್ಕೊಳ್ಳಿ. ವೆಂಗಾನ್, ಬನ್ನಿ. ಆಗಾನ್ ಫಿಲಾ, ಸಾಲಾಗಿ ನಿಲ್ಲಿ. ಲಾವೆನ್ಸೆ ಲಾಸ್ ಮಾನೊಸ್, ಕೈ ತೊಳೆದುಕೊಳ್ಳಿ. ಕೊನ್ ಕುಯಿದಾದೊ, ಹುಷಾರು. ದೆಸ್ಪಾಸಿಯೊ, ನಿಧಾನ.

ಎರಡನೆಯದು, ಒಂದೇ ಮಗುವಿನ ಹತ್ತಿರ ಆಡುವ ಮಾತು. ಕೆ ತೆ ಪಾಸೊ, ಏನಾಯ್ತು ನಿನಗೆ? ದೊಂದೆ ತೆ ದ್ವೆಲೆ, ಎಲ್ಲಿ ನೋವು? ತೆ ತೋಕಾ ಆ ವೊಸ್, ಈಗ ನಿನ್ನ ಸರದಿ. ಗ್ವಾಟೆಮಾಲಾದಲ್ಲಿ ಹತ್ತಿರದವರಿಗೆ ನೀನು ಅನ್ನಲು "ವೊಸ್" ಬಳಸುತ್ತಾರೆ. ಪುಸ್ತಕಗಳಲ್ಲಿ ಇರುವುದು ಹೆಚ್ಚಾಗಿ "ತು". ಹಾಗಾಗಿ ಬಾ ಅನ್ನಲು ಪುಸ್ತಕದಲ್ಲಿ "ವೆನ್" ಅಂತ ಓದಿದ್ದನ್ನು ಅಂಗಳದಲ್ಲಿ "ವೆನಿ" ಅಂತ ಕೇಳುತ್ತೀರಿ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ ಗೌರವದ "ಉಸ್ತೆದ್" ಅನ್ನುತ್ತಾರೆ. ಆ ತರಗತಿಯ ಟೀಚರ್ ಏನು ಬಳಸುತ್ತಾರೋ ನೀವೂ ಅದನ್ನೇ ಬಳಸಿ. ಟೀಚರ್‌ಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ಮಾತ್ರ ಯಾವಾಗಲೂ "ಉಸ್ತೆದ್".

ಮೂರನೆಯ ಗುಂಪು ಎಲ್ಲಕ್ಕಿಂತ ಮುಖ್ಯ, ಅದನ್ನೇ ಜನ ಕಲಿಯುವುದಿಲ್ಲ. ಮಕ್ಕಳು ನಿಮಗೆ ಹೇಳುವ ಮಾತುಗಳು. ನೀವು ತಪ್ಪು ತಪ್ಪಾಗಿ ಮಾತಾಡಿದರೆ ಮಗು ಹೇಗೋ ಅರ್ಥ ಮಾಡಿಕೊಳ್ಳುತ್ತದೆ. ಮಗು ಹೇಳಿದ್ದು ನಿಮಗೆ ತಿಳಿಯದಿದ್ದರೆ ತೊಂದರೆ ಆಗುವುದು ಮಗುವಿಗೆ. "ಮೆ ಪೆಗೊ", ಅವನು ನನಗೆ ಹೊಡೆದ. "ಮೆ ದ್ವೆಲೆ ಲಾ ಪಾನ್ಸಾ", ಹೊಟ್ಟೆ ನೋವು. "ಕಿಯೆರೊ ಇರ್ ಆಲ್ ಬಾನ್ಯೊ", ಬಾತ್‌ರೂಮಿಗೆ ಹೋಗಬೇಕು. "ನೊ ಪ್ವೆದೊ", ನನ್ನ ಕೈಲಿ ಆಗ್ತಿಲ್ಲ. "ಯಾ ತೆರ್ಮಿನೆ", ಮುಗೀತು. ಇವು ಅಳುತ್ತಾ, ತೊದಲುತ್ತಾ, ಮೂಗು ಸುರಿಸುತ್ತಾ ಬರುವ ಮಾತುಗಳು. ಕಿವಿಗೆ ಬಿದ್ದ ತಕ್ಷಣ ತಿಳಿಯುವಷ್ಟು ಕೇಳಿ ಕೇಳಿ ರೂಢಿಯಾಗಬೇಕು.

ಹೊರಡುವ ಮುಂಚೆ ಒಂದೆರಡು ತಿಂಗಳು ದಿನಾ ಅರ್ಧ ಗಂಟೆ ಕೊಟ್ಟರೆ ಈ ಮೂರೂ ಗುಂಪು, ಬಣ್ಣಗಳು, ದೇಹದ ಭಾಗಗಳು, ಇಪ್ಪತ್ತರವರೆಗೆ ಎಣಿಕೆ, ಬಟ್ಟೆಗಳ ಹೆಸರು ಎಲ್ಲ ಬರುತ್ತವೆ. ಭೂತಕಾಲ, ಭವಿಷ್ಯತ್ಕಾಲ ಅಲ್ಲಿ ಹೋಗಿ ಕಲಿಯಿರಿ.

ಹೆಜ್ಜೆ 6: ಮೊದಲ ಎರಡು ವಾರ ಬರೀ ಪಾಠ

ಇಳಿದ ಮರುದಿನವೇ ಶಿಶುವಿಹಾರಕ್ಕೆ ಹೋಗುವ ಆಸೆ ಬೇಡ. ಮೊದಲ ಎರಡು ವಾರ ಭಾಷಾ ಶಾಲೆ, ಮನೆ, ಊರು ಇಷ್ಟೇ ಇರಲಿ. ಎತ್ತರದ ಹವೆಗೆ, ನೀರಿಗೆ, ಊಟಕ್ಕೆ ದೇಹ ಒಗ್ಗಬೇಕು. ಪಾಠ ಶುರುವಾದ ದಿನವೇ ಟೀಚರ್‌ಗೆ ಹೇಳಿ, "ಇನ್ನೆರಡು ವಾರಕ್ಕೆ ಶಿಶುವಿಹಾರಕ್ಕೆ ಹೋಗುತ್ತಿದ್ದೇನೆ, ಅದಕ್ಕೆ ಬೇಕಾದ ಹಾಗೆ ಕಲಿಸಿ" ಅಂತ. ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್ ಇರುವುದರ ಲಾಭವೇ ಇದು. ಅವರು ಮಗುವಾಗಿ ಅಳಲಿ, ನೀವು ಸಮಾಧಾನ ಮಾಡಿ. ಅವರು ಜಗಳ ತರಲಿ, ನೀವು ಬಿಡಿಸಿ. ಒಂದು ಗಂಟೆ ಹೀಗೆ ನಾಟಕ ಮಾಡಿದರೆ ವಾರದ ವ್ಯಾಕರಣಕ್ಕಿಂತ ಜಾಸ್ತಿ ಬಾಯಿಗೆ ಬರುತ್ತದೆ.

ಉಳಿದುಕೊಳ್ಳುವ ಮನೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೂರು ಹೊತ್ತು ಊಟ, ಭಾನುವಾರ ಮಾತ್ರ ಇರುವುದಿಲ್ಲ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. "ಮಾಂಸ ತಿನ್ನುವುದಿಲ್ಲ" ಅಂದರೆ ಕೆಲವರು ದನ, ಹಂದಿ ಮಾತ್ರ ಅಂದುಕೊಂಡು ಕೋಳಿ ಬಡಿಸುತ್ತಾರೆ. "ನಿ ಪೊಯ್ಯೊ, ನಿ ಪೆಸ್ಕಾದೊ", ಕೋಳಿಯೂ ಇಲ್ಲ, ಮೀನೂ ಇಲ್ಲ ಅಂತ ಸೇರಿಸಿ. ಬೀನ್ಸ್ ಬೇಯಿಸಲು ಹಂದಿ ಕೊಬ್ಬು ಹಾಕುತ್ತಾರಾ ಅಂತಲೂ ವಿನಯವಾಗಿ ಕೇಳಿ. ಮೊದಲೇ ಶಾಲೆಗೆ ಬರೆದಿದ್ದರೆ ಅದಕ್ಕೆ ಒಪ್ಪುವ ಮನೆಯನ್ನೇ ಕೊಡುತ್ತಾರೆ. ಕಪ್ಪು ಬೀನ್ಸ್, ತೋರ್ತಿಯ ಅನ್ನುವ ಮೆಕ್ಕೆಜೋಳದ ರೊಟ್ಟಿ, ಮೊಟ್ಟೆ, ಕರಿದ ಬಾಳೆ, ಅನ್ನ. ಹೊಟ್ಟೆ ತುಂಬಲು ಏನೂ ಕೊರತೆಯಿಲ್ಲ.

ಊಟ ಆದ ಮೇಲೆ ರೂಮಿಗೆ ಓಡಬೇಡಿ. ಆ ಮೇಜಿನ ಹತ್ತಿರ ಕೂತು ಕೇಳುವ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಹೆಜ್ಜೆ 7: ಶಿಶುವಿಹಾರದೊಳಗೆ

ಶಿಶುವಿಹಾರ ಹೆಚ್ಚಾಗಿ ಬೆಳಗ್ಗೆ ಹೊತ್ತು ನಡೆಯುತ್ತದೆ, ಹನ್ನೆರಡರ ಹೊತ್ತಿಗೆ ಮಕ್ಕಳು ಮನೆಗೆ. ಹಾಗಾಗಿ ಬೆಳಗ್ಗೆ ಕೆಲಸ, ಮಧ್ಯಾಹ್ನ ಪಾಠ ಅಂತ ದಿನ ಚೆನ್ನಾಗಿ ಹೊಂದುತ್ತದೆ. ಟೀಚರ್‌ನ್ನು ಮಕ್ಕಳು "ಸೆನ್ಯೊ" ಅನ್ನುತ್ತಾರೆ. ಗಂಡು ಟೀಚರ್ ಆದರೆ "ಪ್ರೊಫೆ". ಎರಡು ದಿನದಲ್ಲಿ ನಿಮಗೂ ಅದೇ ಹೆಸರು ಬೀಳುತ್ತದೆ.

ಮೊದಲ ವಾರ ಬಾಯಿಗಿಂತ ಕಣ್ಣಿಗೆ ಕೆಲಸ ಕೊಡಿ. ಬ್ಯಾಗ್ ಎಲ್ಲಿ ತೂಗುಹಾಕುತ್ತಾರೆ, ಬಾತ್‌ರೂಮಿಗೆ ಹೇಗೆ ಕರೆದುಕೊಂಡು ಹೋಗುತ್ತಾರೆ, ಗಲಾಟೆ ನಿಲ್ಲಿಸಲು ಸೆನ್ಯೊ ಯಾವ ಹಾಡು ಶುರು ಮಾಡುತ್ತಾರೆ, ಯಾವ ಇಬ್ಬರು ಹುಡುಗರನ್ನು ಅಕ್ಕಪಕ್ಕ ಕೂರಿಸುವುದಿಲ್ಲ, ಇವನ್ನೆಲ್ಲ ಗಮನಿಸಿ. ಪ್ರತಿ ತರಗತಿಗೂ ಅದರದೇ ಕ್ರಮ ಇರುತ್ತದೆ. ಅದನ್ನು ಕೆಡಿಸದೆ ಒಳಗೆ ಸೇರಿಕೊಳ್ಳುವುದೇ ನಿಮ್ಮ ಮೊದಲ ಕೆಲಸ.

ನಿಮ್ಮಿಂದ ನಿಜವಾಗಿ ಉಪಯೋಗ ಆಗುವುದು ಎಲ್ಲಿ ಗೊತ್ತಾ? ಸಂದಿಗಳಲ್ಲಿ. ಒಂದು ಚಟುವಟಿಕೆ ಮುಗಿದು ಇನ್ನೊಂದು ಶುರುವಾಗುವ ನಡುವೆ. ಕೈ ತೊಳೆಯುವ ಸಾಲನ್ನೇ ನೋಡಿ. ಸೆನ್ಯೊ ಒಬ್ಬರೇ. ಮುಂದಿನ ಮಗು ನಲ್ಲಿಯ ಹತ್ತಿರ ನೀರಾಟದಲ್ಲಿ ಮುಳುಗಿದೆ. ಹಿಂದಿನ ಮಗು ತಳ್ಳುತ್ತಿದೆ. ಒಂದು ಹುಡುಗಿ ಸ್ವೆಟರಿನ ತೋಳು ಮಡಿಸಲಾರದೆ ಮೊಣಕೈವರೆಗೆ ಒದ್ದೆ. ಇಲ್ಲಿ ನೀವು ನಲ್ಲಿಯ ಪಕ್ಕ ಮಂಡಿಯೂರಿ ಕೂರಿ. ಒಂದೊಂದು ಮಗುವಿನ ತೋಳು ಮಡಿಸಿ, ಸೋಪು ಕೊಡಿ, ಬೆರಳು ಎಣಿಸುತ್ತಾ ಉಜ್ಜಿಸಿ. ಉನೊ, ದೊಸ್, ತ್ರೆಸ್. ಒರೆಸಿ, ಕಳಿಸಿ. ಮುಂದಿನವರು. ಹದಿನೈದು ಮಕ್ಕಳ ಕೈ ತೊಳೆಸುವಷ್ಟರಲ್ಲಿ ತೋಳು, ಒದ್ದೆ, ಸೋಪು, ಬೆರಳು, ತಣ್ಣಗೆ, ಸಾಕು, ಇನ್ನೊಂದು ಕೈ ಅನ್ನುವ ಮಾತುಗಳನ್ನೆಲ್ಲ ಹದಿನೈದು ಸಲ ಆಡಿರುತ್ತೀರಿ. ಅಷ್ಟೊತ್ತಿಗೆ ಸೆನ್ಯೊ ಒಳಗೆ ಮೇಜು ಸಿದ್ಧ ಮಾಡಿ ಮುಗಿಸಿರುತ್ತಾರೆ. ಭಾಷೆ ಕಲಿತದ್ದು, ಸಹಾಯ ಮಾಡಿದ್ದು ಎರಡೂ ಒಂದೇ ಕೆಲಸದಲ್ಲಿ ಆಯಿತು.

ಆಮೇಲೆ ತಿಂಡಿ ಹೊತ್ತು. ಅಲ್ಲಿ ಅದಕ್ಕೆ "ರೆಫಾಕ್ಸಿಯೊನ್" ಅನ್ನುತ್ತಾರೆ. ಇದನ್ನು ಹಗುರವಾಗಿ ನೋಡಬೇಡಿ. ಗ್ವಾಟೆಮಾಲಾದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರ ಬೆಳವಣಿಗೆ ಪೌಷ್ಟಿಕತೆಯ ಕೊರತೆಯಿಂದ ಕುಂಠಿತವಾಗಿದೆ. ಮಾಯಾ ಹಳ್ಳಿಗಳಲ್ಲಿ ಇನ್ನೂ ಜಾಸ್ತಿ. ನೋಡಲು ಮೂರು ವರ್ಷದ ಹಾಗೆ ಇರುವ ಮಗುವಿಗೆ ನಿಜವಾಗಿ ಐದು ವರ್ಷ ಆಗಿರಬಹುದು. 2017ರಲ್ಲಿ ಶಾಲಾ ಆಹಾರಕ್ಕೇ ಒಂದು ಕಾನೂನು ಮಾಡಿ, ಸರ್ಕಾರಿ ಶಾಲೆಗಳ ತಿಂಡಿಗೆ ಹಣ ಕೊಡುವ ವ್ಯವಸ್ಥೆಯನ್ನು ಗಟ್ಟಿ ಮಾಡಿದರು. ಬಿಸಿ ಬಿಸಿ ಗಂಜಿಯಂಥ ಆತೊಲ್ ಕೊಡುತ್ತಾರೆ. ಮೆಕ್ಕೆಜೋಳ, ಸೋಯಾ ಹಿಟ್ಟಿನ ಇನ್ಕಪರೀನಾ ಅನ್ನುವ ಪುಡಿಯಿಂದ ಮಾಡಿದ ಪಾನೀಯವನ್ನೂ ಅಲ್ಲಿ ನೋಡುತ್ತೀರಿ. ಪೌಷ್ಟಿಕತೆ ಕೊರತೆ ನೀಗಿಸಲು ಗ್ವಾಟೆಮಾಲಾದಲ್ಲೇ ಇರುವ ಸಂಶೋಧನಾ ಸಂಸ್ಥೆಯೊಂದು ರೂಪಿಸಿದ ಆಹಾರ ಅದು. ಮಗು ತಿನ್ನದೆ ಆಟಕ್ಕೆ ಓಡಿದರೆ ಸೆನ್ಯೊಗೆ ತಿಳಿಸಿ. ನಿಮ್ಮ ಬ್ಯಾಗಿನ ಚಾಕೊಲೇಟ್ ಮಾತ್ರ ತೆಗೆಯಬೇಡಿ.

ಪಾಠದ ಹೊತ್ತಿನಲ್ಲಿ ಹಿಂದೆ ಉಳಿದ ಒಂದೆರಡು ಮಕ್ಕಳ ಪಕ್ಕ ಕೂರಿ. ಪೆನ್ಸಿಲ್ ಹಿಡಿಯುವುದು, ಕತ್ತರಿ ತೆರೆಯುವುದು, ಗೆರೆ ಮೇಲೆ ಬರೆಯುವುದು. ಮಗುವಿನ ಕೆಲಸವನ್ನು ನೀವೇ ಮಾಡಿಕೊಡಬೇಡಿ. ಶೂ ಲೇಸ್ ಕಟ್ಟಲಾಗದೆ "ನೊ ಪ್ವೆದೊ" ಅಂದಾಗ ಮೊದಲ ಗಂಟು ನೀವು ಹಾಕಿ, ಎರಡನೆಯದು ಅದರ ಕೈಗೆ ಬಿಡಿ. ಜಗಳ ಆದರೆ ಬಿಡಿಸಿ, ತೀರ್ಪು ಸೆನ್ಯೊ ಕೊಡಲಿ. ಬೈಯುವುದು, ಶಿಕ್ಷೆ ಕೊಡುವುದು ನಿಮ್ಮ ಕೆಲಸವೇ ಅಲ್ಲ.

ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಅಂತ ಕೇಳಿದರೆ ಒಂದು ಹಾಡು, ಎಣಿಕೆ ಹೇಳಿಕೊಡಿ, ತಪ್ಪೇನಿಲ್ಲ. ಆದರೆ ದಿನವಿಡೀ ಇಂಗ್ಲಿಷ್ ಟೀಚರ್ ಆಗಿಬಿಟ್ಟರೆ ನಿಮ್ಮ ಸ್ಪ್ಯಾನಿಷ್ ಅಲ್ಲೇ ನಿಂತುಹೋಗುತ್ತದೆ.

ಹೆಜ್ಜೆ 8: ಬೆಳಗ್ಗೆ ಕೇಳಿದ್ದು ಮಧ್ಯಾಹ್ನಕ್ಕೆ ಪಾಠ

ಜೇಬಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ. ಮಕ್ಕಳ ಎದುರು ಫೋನ್ ತೆಗೆಯಬೇಡಿ. ಅರ್ಥವಾಗದ ಮಾತನ್ನು ಕೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಶಬ್ದ ಹಿಡಿಯಲು ನಮ್ಮ ಲಿಪಿ ಬಹಳ ಚೆನ್ನಾಗಿ ಒದಗುತ್ತದೆ. ಮಧ್ಯಾಹ್ನ ಟೀಚರ್ ಎದುರು ಓದಿ. ಅವರು ಸರಿಯಾದ ರೂಪ ಹೇಳಿ, ಎಲ್ಲಿ ಯಾರಿಗೆ ಬಳಸಬಹುದು ಅಂತಲೂ ಹೇಳುತ್ತಾರೆ. "ಪತೋಹೊ" ಅಂದರೆ ಅಲ್ಲಿ ಹುಡುಗ, ಮನೆಯವರ ಬಾಯಲ್ಲಿ ಪ್ರೀತಿಯ ಮಾತು. ಬೇರೆ ಎಷ್ಟೋ ಸ್ಪ್ಯಾನಿಷ್ ದೇಶಗಳಲ್ಲಿ ಜನಕ್ಕೆ ಈ ಅರ್ಥ ಗೊತ್ತಿರುವುದಿಲ್ಲ. ಇಂಥದ್ದನ್ನು ಗುರುತು ಹಾಕಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಬರೀ ಮಕ್ಕಳ ಜೊತೆ ಮಾತಾಡಿದರೆ ನಿಮ್ಮ ಸ್ಪ್ಯಾನಿಷ್ ಮಕ್ಕಳ ಮಟ್ಟದಲ್ಲೇ ಉಳಿಯುತ್ತದೆ. ಬಾ, ಕೂರು, ನೋಡು ಅಂತ ಆಜ್ಞೆಗಳೇ ಬಾಯಿಗೆ ಬರುತ್ತವೆ. ದೊಡ್ಡವರ ಜೊತೆ ವಿಷಯ ವಿವರಿಸಲು, ಅಭಿಪ್ರಾಯ ಹೇಳಲು ಬರುವುದಿಲ್ಲ. ಅದಕ್ಕೇ ಮಧ್ಯಾಹ್ನದ ಪಾಠ ಬಿಡಬಾರದು. ದಿನಾ ಒಂದು ಹತ್ತು ನಿಮಿಷ, ಬೆಳಗ್ಗೆ ನಡೆದದ್ದನ್ನು ಟೀಚರ್‌ಗೆ ಕಥೆಯ ಹಾಗೆ ಹೇಳಿ. ಭೂತಕಾಲದ ಎರಡು ರೂಪಗಳು ಎಲ್ಲರನ್ನೂ ಕಾಡುತ್ತವೆ. ಒಮ್ಮೆ ನಡೆದು ಮುಗಿದದ್ದಕ್ಕೆ ಒಂದು ರೂಪ, ನಡೆಯುತ್ತಾ ಇದ್ದದ್ದಕ್ಕೆ ಇನ್ನೊಂದು. "ಮಕ್ಕಳು ಆಡುತ್ತಿದ್ದರು, ಒಬ್ಬ ಬಿದ್ದ" ಅನ್ನುವ ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಶಿಶುವಿಹಾರದಲ್ಲಿ ಇಂಥ ವಾಕ್ಯಕ್ಕೆ ಬರವಿಲ್ಲ.

ಹೆಜ್ಜೆ 9: ಮೀರಬಾರದ ಗೆರೆಗಳು

ಮಕ್ಕಳ ಫೋಟೊ ತೆಗೆಯಬೇಡಿ. ಇದನ್ನು ಸುಮ್ನೆ ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. ಗ್ವಾಟೆಮಾಲಾದಿಂದ ಒಂದು ಕಾಲದಲ್ಲಿ ವರ್ಷಕ್ಕೆ ಸಾವಿರಾರು ಮಕ್ಕಳು ವಿದೇಶಕ್ಕೆ ದತ್ತು ಹೋಗುತ್ತಿದ್ದರು. ಅದರಲ್ಲಿ ಮಕ್ಕಳ ಕಳ್ಳತನ, ಮೋಸದ ದಾಖಲೆ ಎಲ್ಲ ಹೊರಬಂದವು. 2007ರ ಕೊನೆಯಲ್ಲಿ ಹೊಸ ಕಾನೂನು ಬಂದು ಅದು ನಿಂತಿತು. ಆದರೆ ವಿದೇಶಿಯರು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಅನ್ನುವ ಭಯ ಹಳ್ಳಿಗಳಲ್ಲಿ ಆಳವಾಗಿದೆ. ಬೀದಿಯಲ್ಲಿ ಗುರುತಿಲ್ಲದ ಮಗುವಿನ ಕೆನ್ನೆ ಸವರುವುದು, ಸಿಹಿ ಕೊಡುವುದು, ಕ್ಯಾಮೆರಾ ಹಿಡಿಯುವುದು ಯಾವುದೂ ಬೇಡ. ಆ ತಾಯಂದಿರ ಭಯಕ್ಕೆ ಕಾರಣ ಇದೆ.

ಶಿಶುವಿಹಾರದ ಒಳಗೂ ಅಷ್ಟೆ. ಮಗು ತಾನಾಗಿ ಬಂದು ಅಪ್ಪಿಕೊಂಡರೆ ಅಪ್ಪಿಕೊಳ್ಳಿ, ನೀವಾಗಿ ಎಳೆದುಕೊಳ್ಳಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಇರಬೇಡಿ. ಬಾತ್‌ರೂಮಿನ ಸಹಾಯ ಸೆನ್ಯೊಗೆ ಬಿಡಿ. ಏನಾದರೂ ಕೊಡಬೇಕು ಅನ್ನಿಸಿದರೆ ಕ್ರೆಯಾನ್, ಕಾಗದ, ಅಂಟು ಸೆನ್ಯೊ ಕೈಗೆ ಕೊಡಿ. ಏನು ಬೇಕು ಅಂತ ಅವರನ್ನೇ ಕೇಳಿ, ಆ ಊರಿನ ಅಂಗಡಿಯಲ್ಲೇ ಕೊಳ್ಳಿ.

ಜ್ವರ, ಭೇದಿ ಇದ್ದ ದಿನ ಮನೆಯಲ್ಲೇ ಇರಿ. ಬರುವುದಿಲ್ಲ ಅಂತ ಬೆಳಗ್ಗೆಯೇ ತಿಳಿಸಿ. ಸುತ್ತಾಟಕ್ಕೋಸ್ಕರ ಹೇಳದೆ ಕೇಳದೆ ತಪ್ಪಿಸಿಕೊಳ್ಳುವ ಸ್ವಯಂಸೇವಕರ ಬಗ್ಗೆ ಶಿಶುವಿಹಾರಗಳಿಗೆ ನಿಜಕ್ಕೂ ಬೇಸರ ಇದೆ. ಜ್ವಾಲಾಮುಖಿ ಹತ್ತಲು, ಸರೋವರ ನೋಡಲು ಶನಿವಾರ, ಭಾನುವಾರ ಇದ್ದೇ ಇವೆ.

ಹೆಜ್ಜೆ 10: ಹೊರಡುವ ತಯಾರಿ

ಶಿಶುವಿಹಾರದಲ್ಲಿ ಕನಿಷ್ಠ ನಾಲ್ಕು ವಾರ ಇರುವ ಹಾಗೆ ಯೋಜನೆ ಹಾಕಿ. ಎರಡು ತಿಂಗಳಾದರೆ ಚೆನ್ನ. ಮೊದಲ ವಾರ ನೀವು ಸೆನ್ಯೊಗೆ ಹೊರೆಯೇ. ಎರಡನೆಯ ವಾರ ಮಕ್ಕಳ ಹೆಸರು ಬಾಯಿಗೆ ಬರುತ್ತವೆ. ನಿಮ್ಮಿಂದ ನಿಜವಾದ ಅನುಕೂಲ ಶುರುವಾಗುವುದು ಅಲ್ಲಿಂದಾಚೆಗೆ.

ಹೊರಡುವ ದಿನವನ್ನು ಒಂದು ವಾರ ಮುಂಚೆಯೇ ಮಕ್ಕಳಿಗೆ ಸೆನ್ಯೊ ಬಾಯಿಂದ ಹೇಳಿಸಿ. ಆ ವಯಸ್ಸಿಗೆ ತಾರೀಕು ಅರ್ಥವಾಗುವುದಿಲ್ಲ, "ಇನ್ನು ಐದು ಬೆಳಗ್ಗೆ" ಅಂದರೆ ಅರ್ಥವಾಗುತ್ತದೆ. ಗೋಡೆಗೆ ಐದು ಬಣ್ಣದ ಕಾಗದ ಅಂಟಿಸಿ ದಿನಕ್ಕೊಂದು ತೆಗೆದರೆ ಇನ್ನೂ ಸುಲಭ. ಮತ್ತೆ ಬರುತ್ತೇನೆ ಅಂತ ಮಾತು ಕೊಡಬೇಡಿ, ಖಂಡಿತ ಬರುವ ಹಾಗಿದ್ದರೆ ಮಾತ್ರ ಹೇಳಿ.

ಕೊನೆಯ ವಾರದ ಒಂದು ಮಧ್ಯಾಹ್ನವನ್ನು ಭಾಷಾ ಶಾಲೆಯಲ್ಲಿ ಒಂದು ಪುಟ ಬರೆಯಲು ಇಡಿ. ಸ್ಪ್ಯಾನಿಷ್‌ನಲ್ಲೇ, ಟೀಚರ್ ಸಹಾಯದಿಂದ. ತರಗತಿಯ ದಿನಚರಿ, ಯಾವ ಹೊತ್ತಿನಲ್ಲಿ ಸಹಾಯ ಬೇಕು, ಕತ್ತರಿ ಎಲ್ಲಿಡುತ್ತಾರೆ, ತಿಂಡಿಗೆ ಮುಂಚೆ ಯಾವ ಹಾಡು, ಹೊಸಬರು ಮೊದಲ ದಿನವೇ ಕಲಿಯಬೇಕಾದ ಮಾತು ಯಾವುವು. ಮಕ್ಕಳ ಹೆಸರು, ಮನೆಯ ವಿಷಯ ಏನೂ ಬೇಡ. ಸೆನ್ಯೊಗೆ ತೋರಿಸಿ, ಅವರು ಒಪ್ಪಿದರೆ ಮುಂದಿನ ಸ್ವಯಂಸೇವಕರಿಗೆ ಕೊಡಲು ಶಾಲೆಯಲ್ಲಿ ಬಿಟ್ಟು ಬನ್ನಿ.